ಪೆಟ್ರೋಲ್ ಎಲ್ಲಿಗೆ ಹೋಯಿತು?

ಮೈಲಿ ಹೋಗಿ ಕಿಲೋಮೀಟರ್ ಬಂದು ಆರು ದಶಕ ದಾಟಿತು. ಆದರೆ ‘ಮೈಲೇಜ್’ ಎಂಬ ಶಬ್ದ ಮಾತ್ರ ನಮ್ಮನ್ನು ಬಿಟ್ಟು ಹೋಗಿಲ್ಲ. ಭಟ್ಕಳದಿಂದ ಕುಮಟಾವರೆಗೆ ಯಾವ ಮದುವೆ ಮನೆಗೆ ಬೇಕಾದರೂ ಹೋಗಿ ನೋಡಿ. ಪಂಕ್ತಿಯಲ್ಲಿ ಪಕ್ಕ ಕುಳಿತವರು ಮಳೆ, ಅಡಿಕೆ ದರ, ಹೆದ್ದಾರಿ ಕಾಮಗಾರಿ ಈ ಮೂರನ್ನು ಮುಗಿಸಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: “ನಿಮ್ಮ ಗಾಡಿ ಎಷ್ಟು ಕೊಡ್ತದೆ?” ಹಾಲು ಕೊಡುವ ಹಸುವನ್ನು ವಿಚಾರಿಸಿದ ಹಾಗೆ! ಆದರೆ ಹಸು ಹಾಲು ಕಡಿಮೆ ಮಾಡಿದರೆ ನಾವು ಮೇವು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಪಶುವೈದ್ಯರನ್ನು ಕರೆಯುತ್ತೇವೆ. ಕಾರು ಕಡಿಮೆ ಕೊಟ್ಟರೆ ಮಾತ್ರ ಮೊದಲು ಡ್ರೈವರನ ಮುಖ ನೋಡುತ್ತೇವೆ.

ಹೊನ್ನಾವರದ ಹತ್ತಿರವಿರುವ ನಮ್ಮ ಮನೆಯಲ್ಲೂ 2025ರ ಮಳೆಗಾಲದಲ್ಲಿ ಹಾಗೆಯೇ ಆಗುವುದರಲ್ಲಿತ್ತು.

ನಮ್ಮದು 2014ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು. ಮೇ ಕೊನೆಯಲ್ಲಿ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಮಗ ಬೆಂಗಳೂರಿನಿಂದ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕರೆತಂದು, ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಹೊರಟ. ಆಮೇಲೆ ಮೂರು ವಾರ ಕಾರು ಕದಲಲಿಲ್ಲ. ಜೂನ್ ಮಧ್ಯದಲ್ಲಿ ನನ್ನ ಹೆಂಡತಿಗೆ ಮೊಣಕಾಲಿನ ವ್ಯಾಯಾಮ ಚಿಕಿತ್ಸೆ ಶುರುವಾಯಿತು. ದಿನ ಬಿಟ್ಟು ದಿನ ಪೇಟೆಗೆ ಹೋಗಬೇಕು. ಡಾಕ್ಟರರು ನನಗೆ ಇನ್ನೂ ಸ್ವಲ್ಪ ದಿನ ಕಾರು ಬಿಡಬೇಡಿ ಎಂದಿದ್ದರು. ಹಾಗಾಗಿ ನಮ್ಮ ಕೇರಿಯ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನನ್ನು ಡ್ರೈವಿಂಗಿಗೆ ಗೊತ್ತುಮಾಡಿದೆವು. ತಂದೆ ಇಲ್ಲದ ಹುಡುಗ. ತಂಗಿ ಕಾಲೇಜಿಗೆ ಹೋಗುತ್ತಾಳೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ನನ್ನದೊಂದು ಹಳೆಯ ಚಾಳಿ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ ಜೀವಮಾನವೆಲ್ಲ ಗುಮಾಸ್ತನಾಗಿಯೇ ಕಳೆದವನು ನಾನು; ಬರೆದಿಡದೆ ಪೆಟ್ರೋಲ್ ಹಾಕಿಸಿದ್ದೇ ಇಲ್ಲ. ಪ್ರತಿ ಸಲ ಟ್ಯಾಂಕ್ ತುಂಬಿಸುವುದು. ಮೀಟರಿನ ಕಿಲೋಮೀಟರ್, ಲೀಟರ್, ಮೊತ್ತ ಬರೆದು ಚೀಟಿ ಅಂಟಿಸುವುದು. ಹುಡುಗನಿಗೂ ಅದನ್ನೇ ಹೇಳಿಕೊಟ್ಟೆ.

ಆಗಸ್ಟಿನಲ್ಲಿ ಪುಸ್ತಕ ಬಿಡಿಸಿದಾಗ ಮೂರು ಟ್ಯಾಂಕುಗಳ ಲೆಕ್ಕ ಒಂದೇ ಮಾತು ಹೇಳಿತು. 2022 ಮತ್ತು 2023ರಲ್ಲಿ ಸರಾಸರಿ 16 ಕಿ.ಮೀ. ಕೊಡುತ್ತಿದ್ದ ಕಾರು ಈಗ ಹನ್ನೆರಡೂವರೆಗೆ ಇಳಿದಿತ್ತು. ತಿಂಗಳಿಗೆ ಸುಮಾರು 600 ಕಿ.ಮೀ. ಓಡಾಟ. ಎಂದರೆ ತಿಂಗಳಿಗೆ ಹತ್ತೂವರೆ ಲೀಟರ್ ಹೆಚ್ಚು, ಸಾವಿರ ರೂಪಾಯಿಗೂ ಮೇಲೆ.

ಫೋನಿನಲ್ಲಿ ಇದನ್ನು ಕೇಳಿದ ಮಗ ತಡಮಾಡದೆ ತೀರ್ಪು ಕೊಟ್ಟ. “ಅಪ್ಪಾ, ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು? ಆ ಹುಡುಗ ಬಂದದ್ದು ಜೂನಿನಲ್ಲಿ, ಮೈಲೇಜ್ ಬಿದ್ದದ್ದೂ ಜೂನಿನಲ್ಲಿ. ನಾಳೆಯಿಂದ ಬರೋದು ಬೇಡ ಹೇಳಿಬಿಡಿ.”

“ಅವನು ಹಾಗೆ ಮಾಡುವವನಲ್ಲ” ಎಂದಳು ನನ್ನ ಹೆಂಡತಿ. ಅದು ಅವಳ ನಂಬಿಕೆ. ಮಗನದು ಅವನ ಅನುಮಾನ. ಎರಡಕ್ಕೂ ಆಧಾರದ ಚೀಟಿ ಇರಲಿಲ್ಲ. ಸಣ್ಣ ಊರಿನಲ್ಲಿ “ಬೇಡ” ಎಂದು ಒಂದು ಮನೆ ಹೇಳಿದರೆ ಕಾರಣವನ್ನು ಬೇರೆ ನಾಲ್ಕು ಮನೆ ತಾವೇ ಊಹಿಸಿಕೊಳ್ಳುತ್ತವೆ. ಮತ್ತೆ ಆ ಹುಡುಗನ ಕೈಗೆ ಕಾರಿನ ಬೀಗದಕೈ ಕೊಡುವವರು ಯಾರು? ಸಾವಿರ ರೂಪಾಯಿ ಹೇಗೂ ಬರುತ್ತದೆ, ಹೋದ ಹೆಸರು ಬರುವುದಿಲ್ಲ. “ತಾಳೆ ನೋಡುವವರೆಗೆ ಯಾರ ಹೆಸರೂ ಎತ್ತಬೇಡ” ಎಂದು ಮಗನಿಗೆ ಹೇಳಿದೆ.

ಹಾಗೆ ಹೇಳಲು ಒಂದು ಕಾರಣವಿತ್ತು. ಎಂಬತ್ತರ ದಶಕದಲ್ಲಿ, ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ, ನಾನಿದ್ದ ಶಾಖೆಯಲ್ಲಿ ಒಂದು ಸಂಜೆ 540 ರೂಪಾಯಿ ತಾಳೆಯಾಗಲಿಲ್ಲ. ಕೆಲವರ ಕಣ್ಣು ಆಗಲೇ ಜವಾನನ ಕಡೆ ತಿರುಗಿತ್ತು. ಹಿರಿಯ ಗುಮಾಸ್ತರೊಬ್ಬರು ಮಾತ್ರ ತಲೆಯೆತ್ತದೆ, “ಐನೂರ ನಲವತ್ತು ಒಂಬತ್ತರಿಂದ ಭಾಗ ಹೋಗ್ತದೆ. ಅಂಕಿ ಅದಲುಬದಲಾಗಿರಬೇಕು, ವೋಚರ್ ತೆಗೀರಿ” ಎಂದರು. ಅರ್ಧ ತಾಸಿನಲ್ಲಿ ಸಿಕ್ಕಿತು: 1,820 ಇರಬೇಕಾದಲ್ಲಿ 1,280 ಎಂದು ಬರೆದಿತ್ತು. ಯಾವುದೇ ಸಂಖ್ಯೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಕಳೆದರೆ ಬರುವ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ಮಕ್ಕಳು ಮನೆಯಲ್ಲಿ ಮಾಡಿ ನೋಡಬಹುದು. ಆ ಸಂಜೆ ಜವಾನ ಎಂದಿನಂತೆ ಬಾಗಿಲು ಹಾಕಿ ಮನೆಗೆ ಹೋದ. ತನ್ನ ಮೇಲೆ ಏನು ಬರುವುದರಲ್ಲಿತ್ತು ಎಂಬುದು ಅವನಿಗೆ ಗೊತ್ತೇ ಆಗಲಿಲ್ಲ.

ಕಾರಿಗೂ ಅದೇ ಕ್ರಮ ಹಿಡಿದೆ. ಲೆಕ್ಕದ ಜವಾಬ್ದಾರಿ, ಕುಮಟಾದಿಂದ ಭಾನುವಾರಕ್ಕೆ ಬರುವ ಮಗಳ ಮಗಳದು. ಎಂಟನೇ ತರಗತಿ, ಗಣಿತದಲ್ಲಿ ಚುರುಕು.

ಮೊದಲು ಅವಳಿಗೆ ಒಂದು ಮಾತು ಹೇಳಿದೆ: ಮೈಲೇಜನ್ನು ಮೈಲೇಜಿನಿಂದ ಕಳೆಯಬೇಡ. ಲೀಟರಿಗೆ 16, ಲೀಟರಿಗೆ ಹನ್ನೆರಡೂವರೆ ಎಂದು ಹಿಡಿದರೆ ಯಾವ ಕಾರಣಕ್ಕೆ ಎಷ್ಟು ಹೋಯಿತೆಂದು ಕೂಡಲು ಬರುವುದಿಲ್ಲ. 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ಬರೆದರೆ ಸುಲಭ. 100ನ್ನು 16ರಿಂದ ಭಾಗಿಸಿದರೆ 6.25 ಲೀಟರ್. 12.5ರಿಂದ ಭಾಗಿಸಿದರೆ 8 ಲೀಟರ್. ಕಳೆದರೆ 1.75. “ಅಂದ್ರೆ ಅಜ್ಜಾ, ನಾವು ಹುಡುಕಬೇಕಾದ್ದು ಒಂದೂಮುಕ್ಕಾಲು ಲೀಟರ್” ಎಂದಳು. ಸರಿಯಾಗಿಯೇ ಹೇಳಿದಳು.

ಎರಡನೆಯದು, ಬಿದ್ದದ್ದು ನಿಜವೇ ಎಂದು ನೋಡುವುದು. ಒಂದು ಬಂಕಿನ ಗನ್ನು ಬೇಗ ನಿಲ್ಲುತ್ತದೆ, ಇನ್ನೊಂದರದು ತಡವಾಗಿ. ಕಾರು ಓರೆ ನಿಂತರೂ ಅರ್ಧ ಲೀಟರ್ ಆಚೀಚೆ ಆಗಬಹುದು. ಆದ್ದರಿಂದ ಒಂದು ಟ್ಯಾಂಕಿನ ಲೆಕ್ಕ ನಂಬಬಾರದು. ನಮ್ಮಲ್ಲಿ ಮೂರು ಟ್ಯಾಂಕುಗಳ ಲೆಕ್ಕವಿತ್ತು. ಬಂಕಿನ ಅಳತೆಯ ಮೇಲೆ ಯಾರಿಗಾದರೂ ಸಂಶಯವಿದ್ದರೆ, ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ನಾನು ಕೇಳಿದೆ, ತೋರಿಸಿದರು. ಸರಿಯಾಗಿತ್ತು.

ಮೂರನೆಯದು ಪರೀಕ್ಷೆಯ ಓಟ. ಅಷ್ಟರಲ್ಲಿ ಡಾಕ್ಟರರು ನನಗೆ ಹಗಲು ಹೊತ್ತು ಕಾರು ಬಿಡಲು ಒಪ್ಪಿಗೆ ಕೊಟ್ಟಿದ್ದರು. ಹೊನ್ನಾವರದಲ್ಲಿ ಟ್ಯಾಂಕ್ ತುಂಬಿಸಿ ನಾನೇ ಹೊರಟೆ. ಶರಾವತಿ ಸೇತುವೆ ದಾಟಿ ಕಾಸರಕೋಡು, ಮಂಕಿ, ಶಿರಾಲಿ ಹಾದು ಭಟ್ಕಳ, ಅಲ್ಲಿಂದ ತಿರುಗಿ ಹೊನ್ನಾವರ ದಾಟಿ ಕರ್ಕಿ, ಹಳದೀಪುರದ ಮೇಲೆ ಕುಮಟಾ, ಮತ್ತೆ ಹೊನ್ನಾವರ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ 66ನೇ ಹೆದ್ದಾರಿಯ ನಮ್ಮ ಪಾಲಿನ ತುಂಡು ಇದು. ಮೀಟರಿನಲ್ಲಿ 112 ಕಿ.ಮೀ. ಆಯಿತು. ಅದೇ ಬಂಕು, ಅದೇ ಗನ್ನು, ಅದೇ ಜಾಗ. 8.4 ಲೀಟರ್ ಹಿಡಿಯಿತು. ಮರುವಾರ ಹುಡುಗನ ಕೈಗೆ ಕೊಟ್ಟು ನಾನು ಪಕ್ಕದಲ್ಲಿ ಕುಳಿತೆ. ಎರಡೂ ಸಲ ವೇಗ ಅರುವತ್ತರ ಆಸುಪಾಸು, ಎ.ಸಿ. ಬಂದ್. ಈ ಸಲ 8.5 ಲೀಟರ್.

ಮೊಮ್ಮಗಳು ಭಾಗಿಸಿದಳು: 100 ಕಿ.ಮೀ.ಗೆ ಏಳೂವರೆ ಲೀಟರ್. ನಾನೇ ತುಂಬಿಸಿ, ನಾನೇ ಓಡಿಸಿ, ಕಣ್ಣೆದುರಿಗೇ ಅಳೆಸಿದ ಪೆಟ್ರೋಲ್ ಅದು. ಕದಿಯಲು ಅಲ್ಲಿ ಯಾರೂ ಇರಲಿಲ್ಲ. ಹುಡುಗನ ಕೈಯಲ್ಲೂ ಹೆಚ್ಚುಕಡಿಮೆ ಅಷ್ಟೇ ಹಿಡಿದದ್ದರಿಂದ ಅವನ ಓಡಿಸುವ ರೀತಿಯಲ್ಲೂ ದೋಷವಿರಲಿಲ್ಲ. ಒಂದೂಮುಕ್ಕಾಲು ಲೀಟರಿನಲ್ಲಿ ಒಂದೂಕಾಲು ಲೀಟರನ್ನು ಕುಡಿಯುತ್ತಿದ್ದದ್ದು ಕಾರೇ.

ಈಗ ಸಲಹೆಗಳ ಸರದಿ. ಕುಮಟಾದ ಅಳಿಯ ಏರ್ ಫಿಲ್ಟರ್ ಬದಲಿಸಿ ಎಂದರು. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಲ್ಲಿ ಆ ಮಾತು ನಿಜ. ಈಗಿನ ಕಾರುಗಳಲ್ಲಿ ಒಳಗೆ ಬರುವ ಗಾಳಿಯನ್ನು ಲೆಕ್ಕ ಹಾಕಿಯೇ ಪೆಟ್ರೋಲ್ ಬಿಡುವ ವ್ಯವಸ್ಥೆ ಇದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿದಾಗ, ಇಂಥ ಕಾರುಗಳಲ್ಲಿ ಫಿಲ್ಟರ್ ಕಟ್ಟಿದರೆ ಎಳೆತ ಕಡಿಮೆಯಾಗುತ್ತದೆಯೇ ಹೊರತು ಮೈಲೇಜ್ ಹೇಳಿಕೊಳ್ಳುವಷ್ಟು ಬೀಳುವುದಿಲ್ಲ ಎಂದು ಕಂಡುಬಂತು. ಇನ್ನೊಬ್ಬರು ಡಿಕ್ಕಿಯ ತೆಂಗಿನಕಾಯಿ ಚೀಲ ಇಳಿಸಿ ಎಂದರು. ಇಳಿಸಿದ್ದು ಒಳ್ಳೆಯದೇ, ಆದರೆ ಐವತ್ತು ಕಿಲೋ ಭಾರಕ್ಕೆ ಸುಮಾರು ಶೇ. 1ರಷ್ಟು ವ್ಯತ್ಯಾಸ. ನಮ್ಮದು ಶೇ. 28ರ ಹೆಚ್ಚಳ. ಮತ್ತೊಬ್ಬರು ಚತುಷ್ಪಥವಾದ ಮೇಲೆ ಎಲ್ಲರೂ ಓಡಿಸುವುದೇ ಜೋರು ಎಂದರು. ಅದರಲ್ಲಿ ಹುರುಳಿದೆ. ವೇಗ ಅರುವತ್ತರಿಂದ ತೊಂಬತ್ತಕ್ಕೆ, ಅಂದರೆ ಒಂದೂವರೆ ಪಟ್ಟಿಗೆ ಏರಿದರೆ, ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಆದರೆ ನಮ್ಮ ಪರೀಕ್ಷೆ ನಡೆದದ್ದೇ ಅರುವತ್ತರಲ್ಲಿ.

ಕೊನೆಗೆ ಹೊನ್ನಾವರದ ನಮ್ಮ ಹಳೆಯ ಗ್ಯಾರೇಜಿನವನ ಹತ್ತಿರ ಹೋದೆವು. ಅವನು ಬಾನೆಟ್ ಎತ್ತಲೇ ಇಲ್ಲ. “ಎಷ್ಟು ದೂರದಿಂದ ಬಂದ್ರಿ ಸರ್?” ಎಂದ. ಭಟ್ಕಳದಿಂದ ನೇರ ಬರುತ್ತಿದ್ದೇವೆ ಎಂದೆ. ನಾಲ್ಕೂ ಚಕ್ರದ ಹತ್ತಿರ ಅಂಗೈಯ ಹಿಂಬದಿಯನ್ನು ಹಿಡಿದು ನೋಡುತ್ತ ಸುತ್ತು ಬಂದು ಹಿಂದಿನ ಎಡಚಕ್ರದ ಬಳಿ ನಿಂತ. “ಇಲ್ಲಿ ಕೈ ಹತ್ತಿರ ತನ್ನಿ. ಮುಟ್ಟಬೇಡಿ, ಸುಡ್ತದೆ.” ಉಳಿದ ಚಕ್ರಗಳಿಗಿಂತ ಅದರ ಬಿಸಿ ಬೇರೆಯೇ ಇತ್ತು. ಆಮೇಲೆ ಜಾಕ್ ಕೊಟ್ಟು ಎತ್ತಿ, ಹ್ಯಾಂಡ್‌ಬ್ರೇಕ್ ಇಳಿಸಿ ಕೈಯಲ್ಲಿ ತಿರುಗಿಸಿದ. ಬೇರೆ ಚಕ್ರಗಳು ಸಲೀಸಾಗಿ ನಾಲ್ಕು ಸುತ್ತು ತಿರುಗಿದರೆ, ಇದು ಗರಗರ ಎಂದು ಅರ್ಧ ಸುತ್ತಿಗೇ ನಿಂತಿತು.

ಬಿಚ್ಚಿದಾಗ ಕಾರಣ ಕಾಣಿಸಿತು. ಹ್ಯಾಂಡ್‌ಬ್ರೇಕಿನ ಕೇಬಲ್ ಒಳಗೆ ತುಕ್ಕು ಹಿಡಿದು, ಬಿಟ್ಟರೂ ಪೂರ್ತಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಬ್ರೇಕಿನ ಲೈನರ್ ಸದಾ ಡ್ರಮ್ಮಿಗೆ ಒರೆಸಿಕೊಂಡೇ ಇತ್ತು. “ಮಳೆಗಾಲ, ಸಮುದ್ರದ ಉಪ್ಪು ಗಾಳಿ, ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಸೋದು, ಮೂರೂ ಸೇರಿದ್ರೆ ಹೀಗೇ ಸರ್. ಜುಲೈ ಬಂತಂದ್ರೆ ಇಂಥದ್ದು ಬರ್ತಾನೇ ಇರ್ತದೆ” ಎಂದ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿ ನಮ್ಮದು. ಹುಡುಗ ಬರುವ ಮೊದಲಿನ ಆ ಮೂರು ವಾರ ಕಾರು ನಿಂತದ್ದು ಇದೇ ಮಳೆಯಲ್ಲಿ. ಅವನು ಬೀಗದಕೈ ಹಿಡಿಯುವ ಹೊತ್ತಿಗೇ ಚಕ್ರವನ್ನು ಬ್ರೇಕ್ ಹಿಡಿದುಕೊಂಡಾಗಿತ್ತು. ಬಂದ ತಿಂಗಳೂ ಬಿದ್ದ ತಿಂಗಳೂ ಒಂದೇ ಆದದ್ದು ಹೀಗೆ.

ಟೈರಿನ ಗಾಳಿಯೂ ಕಡಿಮೆಯಿತ್ತು. ಬಾಗಿಲ ಪಕ್ಕದ ಚೀಟಿಯಲ್ಲಿ 33 ಎಂದಿದ್ದರೆ ಎರಡು ಟೈರುಗಳಲ್ಲಿ 26 ಮಾತ್ರ. ಗಾಳಿ ಇಳಿದ ಟೈರು ನೆಲಕ್ಕೆ ಹೆಚ್ಚು ಅಂಟಿಕೊಂಡು ಉರುಳುತ್ತದೆ. ನೂರಕ್ಕೆ ಎರಡು–ಮೂರು ಭಾಗ ಪೆಟ್ರೋಲ್ ಅದಕ್ಕೇ ಹೋಗುತ್ತದೆ. ಸ್ಕ್ಯಾನರ್ ಹಾಕಿ ಸೆನ್ಸರುಗಳನ್ನೂ ನೋಡಿದ, ಎಲ್ಲ ಸರಿಯಿತ್ತು. ಕೇಬಲ್, ಲೈನರ್ ಹೊಸದು ಹಾಕಿಸಿ, ಗಾಳಿ ತುಂಬಿಸಿ ಮತ್ತೆ ಅದೇ 112 ಕಿ.ಮೀ. ಓಡಿಸಿದೆವು. 7.3 ಲೀಟರ್ ಹಿಡಿಯಿತು. ಅಂದರೆ 100ಕ್ಕೆ ಆರೂವರೆ. ಸುಮಾರು ಒಂದು ಲೀಟರ್ ಸಿಕ್ಕಿತು!

ಹೆದ್ದಾರಿಯ ಲೆಕ್ಕ ಆರೂವರೆ ಬಂದರೂ ಹಳೆಯ ಆರೂಕಾಲು ಬರಲಿಲ್ಲ. ಕಾಲು ಲೀಟರ್ ಬಾಕಿ. ಮೊಮ್ಮಗಳು ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ಕೂಗಿದಳು: “ಅಜ್ಜಾ, ಫೆಬ್ರವರಿ–ಮಾರ್ಚಿನಲ್ಲೇ ಹದಿನೈದು ಪಾಯಿಂಟ್ ನಾಲ್ಕಕ್ಕೆ ಇಳಿದಿತ್ತು!” 100ನ್ನು 15.4ರಿಂದ ಭಾಗಿಸಿದರೆ ಸರಿಸುಮಾರು ಆರೂವರೆಯೇ. ಆ ಕಾಲು ಲೀಟರ್ ಹುಡುಗ ನಮ್ಮ ಮನೆಗೆ ಬರುವ ಮೊದಲೇ, ಸದ್ದಿಲ್ಲದೆ ಹೋಗಿತ್ತು.

ಅದಕ್ಕೆ ಕಾರಣ ಪೆಟ್ರೋಲಿನಲ್ಲೇ ಇದೆ. ಕಬ್ಬು, ಜೋಳ, ಅಕ್ಕಿಗಳಿಂದ ತೆಗೆಯುವ ಎಥನಾಲನ್ನು ನಮ್ಮ ದೇಶದಲ್ಲಿ 2003ರಿಂದ ಪೆಟ್ರೋಲಿಗೆ ಬೆರೆಸುತ್ತ ಬಂದಿದ್ದಾರೆ. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಶೇ. 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20ರ ಮಿಶ್ರಣಕ್ಕೆ ಚಾಲನೆ ಕೊಟ್ಟರು. 2025ರಲ್ಲಿ ಅದೇ ಎಲ್ಲೆಡೆ ಸಾಮಾನ್ಯವಾಯಿತು. ಹೊರದೇಶದ ಎಣ್ಣೆಯ ಖರ್ಚು ತಗ್ಗಿಸುವುದು, ರೈತರ ಬೆಳೆಗೆ ಇನ್ನೊಂದು ಮಾರುಕಟ್ಟೆ ಕೊಡುವುದು ಇದರ ಉದ್ದೇಶ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟೇ. ಶೇ. 10ರಿಂದ ಶೇ. 20ಕ್ಕೆ ಹೋದರೆ ಲೀಟರಿನ ಒಟ್ಟು ಶಕ್ತಿಯಲ್ಲಿ ಶೇ. 3ರಿಂದ 4ರಷ್ಟು ಇಳಿಯುತ್ತದೆ. ಆರೂಕಾಲು ಲೀಟರಿಗೆ ಅದು ಕಾಲು ಲೀಟರಿನ ಹತ್ತಿರ ಬರುತ್ತದೆ. ನಮ್ಮ ಬಾಕಿಗೆ ಸರಿಹೊಂದಿತು.

ಇನ್ನು ಉಳಿದದ್ದು ಅರ್ಧ ಲೀಟರ್. ಹೆದ್ದಾರಿಯ ಓಟದಲ್ಲಿ ಏಳೂವರೆ, ತಿಂಗಳ ಲೆಕ್ಕದಲ್ಲಿ ಎಂಟು. ಮಗ ಅದನ್ನು ಬಿಡಲಿಲ್ಲ. “ಆ ಅರ್ಧ ಲೀಟರ್ ಅವನದ್ದೇ ಇರಬಹುದಲ್ಲ ಅಪ್ಪಾ?” ಎಂದ. ನ್ಯಾಯವಾದ ಪ್ರಶ್ನೆ. ಆ ತಿಂಗಳುಗಳಲ್ಲಿ ಕಾರಿನ ಓಟದ ರೀತಿಯೇ ಬದಲಾಗಿತ್ತು. ಮೊದಲು ವಾರಕ್ಕೆರಡು ಸಲ ಕುಮಟಾ, ಭಟ್ಕಳ ಎಂದು ಉದ್ದನೆಯ ಓಟ. ಈಗ ಹೆಚ್ಚಿನದು ಮೂರು ಕಿಲೋಮೀಟರ್ ಹೋಗಿ ನಿಲ್ಲಿಸುವುದು, ಎರಡು ತಾಸು ಬಿಟ್ಟು ಮೂರು ಕಿಲೋಮೀಟರ್ ಬರುವುದು. ತಣ್ಣಗಿರುವ ಎಂಜಿನ್ ಬಿಸಿಯಾಗುವವರೆಗೆ ಹೆಚ್ಚು ಪೆಟ್ರೋಲ್ ಬೇಡುತ್ತದೆ. ಬಿಸಿಯಾಗುವಷ್ಟರಲ್ಲಿ ನಮ್ಮ ದಾರಿಯೇ ಮುಗಿಯುತ್ತಿತ್ತು. ಮಳೆಗೆ ಗಾಜು ಮಸುಕಾಗುವುದರಿಂದ ಎ.ಸಿ. ಬೇರೆ. ಕಾಮಗಾರಿ ಇರುವಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುವುದು ಬೇರೆ; ನಿಂತಲ್ಲೇ ಒಂದು ತಾಸು ನಿಂತರೂ ಅರ್ಧದಿಂದ ಒಂದು ಲೀಟರ್ ತನಕ ಹೋಗುತ್ತದೆ.

ಇದು ಸರಿಯೇ ಎಂದು ತಿಳಿಯಲು ಕಾಯಬೇಕಿತ್ತು, ಕಾದೆವು. ಅಕ್ಟೋಬರಿನಲ್ಲಿ ಹೆಂಡತಿಯ ಚಿಕಿತ್ಸೆ ಮುಗಿಯಿತು, ಮಳೆಯೂ ಹಿಂದೆ ಸರಿಯಿತು. ಪೆಟ್ರೋಲ್ ಹಾಕಿಸುವವನು ಅದೇ ಹುಡುಗ, ಕೊಡುವ ಹಣ ಅದೇ, ಪುಸ್ತಕ ಅದೇ. ಮುಂದಿನ ಎರಡು ಟ್ಯಾಂಕುಗಳ ಲೆಕ್ಕ 15.3 ಮತ್ತು 15.4 ಬಂತು. ಅವನು ಅರ್ಧ ಲೀಟರ್ ತೆಗೆಯುತ್ತಿದ್ದರೆ ಚಿಕಿತ್ಸೆ ಮುಗಿದ ಕೂಡಲೇ ಬಿಟ್ಟುಬಿಡಲು ಕಾರಣವಿರಲಿಲ್ಲ.

ಮೊಮ್ಮಗಳು ಗೆರೆ ಹಾಕಿ ಕೂಡಿಸಿದಳು. ಬ್ರೇಕ್ ಮತ್ತು ಟೈರು 1.00. ಸಣ್ಣ ಓಡಾಟ, ಎ.ಸಿ., ಕಾಯುವಿಕೆ 0.50. ಎಥನಾಲ್ 0.25. ಒಟ್ಟು 1.75 ಲೀಟರ್. ಬಂಕಿನ ಗನ್ನಿನ ಹೆಚ್ಚುಕಡಿಮೆ ಇದರಲ್ಲಿ ಒಂದಿಷ್ಟು ಇದ್ದೇ ಇರುತ್ತದೆ, ಆದರೂ ಬ್ಯಾಂಕಿನಲ್ಲಿ ಇಷ್ಟು ತಾಳೆಯಾದರೆ ನಾವು ಪುಸ್ತಕ ಮುಚ್ಚಿ ಚಹಾ ತರಿಸುತ್ತಿದ್ದೆವು. ಅವಳು ಆ ಪುಟದ ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದಳು.

ನಿಮ್ಮ ಮನೆಯ ವಾಹನಕ್ಕೂ ಹೀಗಾದರೆ ದೊಡ್ಡ ಖರ್ಚಿನ ಸಲಹೆಗಳಿಗೆ ಮೊದಲು ಕೆಲವು ಸಣ್ಣ ಕೆಲಸ ಮಾಡಿ. ಒಂದೇ ಬಂಕಿನಲ್ಲಿ ತುಂಬಿಸಿ ಮೂರು ಟ್ಯಾಂಕುಗಳ ಲೆಕ್ಕ ಇಡಿ. ಹದಿನೈದು ದಿನಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಉದ್ದನೆಯ ಓಟದ ನಂತರ ಯಾವುದಾದರೂ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯೇ ಎಂದು ದೊಡ್ಡವರು ಜಾಗ್ರತೆಯಿಂದ ಗಮನಿಸಿ. ಮಳೆಗಾಲದಲ್ಲಿ ಕಾರನ್ನು ಬಹಳ ದಿನ ನಿಲ್ಲಿಸುವುದಾದರೆ ಸಪಾಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿರಿ. ಬ್ರೇಕ್ ಹಿಡಿದಿರುವುದು ಪೆಟ್ರೋಲಿನ ವಿಷಯ ಮಾತ್ರವಲ್ಲ, ಜೀವದ ವಿಷಯವೂ ಹೌದು, ಅದನ್ನು ಮುಂದೂಡಬೇಡಿ.

ದೀಪಾವಳಿಗೆ ಮಗ ಬಂದ. ಮೊದಲ ದಿನವೇ ಹುಡುಗನನ್ನು ಕರೆದು, “ಬಾ ತಮ್ಮಾ, ಮುರ್ಡೇಶ್ವರಕ್ಕೆ ಹೋಗಿ ಬರೋಣ, ನೀನೇ ಬಿಡು” ಎಂದ. ಬರುವಾಗ ಅವನ ತಂಗಿಗೆಂದು ಒಂದು ಒಳ್ಳೆಯ ಪೆನ್ನಿನ ಡಬ್ಬಿ ತಂದಿದ್ದ. ಯಾಕೆಂದು ಹುಡುಗನಿಗೆ ತಿಳಿಯಲಿಲ್ಲ. ತಿಳಿಸುವುದು ಬೇಡವೆಂದು ನಾವೂ ಸುಮ್ಮನಾದೆವು. ಸಂಜೆ ಅವನು ಪುಸ್ತಕ ತಂದು ಮೇಜಿನ ಮೇಲಿಟ್ಟು, “ಸರ್, ಇವತ್ತು ಹದಿನೈದೂವರೆ ಬಂತು” ಎಂದ.